ಹೂಂ ಅಂದವರು ಯಾರು?

ನನ್ನ ಗಂಡ ಪಕ್ಕೀರಪ್ಪನವರ ಬಗ್ಗೆ ಬರೆಯಿರಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳಿದ್ದರೂ ಬರೆಯುತ್ತಿರಲಿಲ್ಲ. ಗಂಡನನ್ನು ಹೊಗಳುವ ರೂಢಿ ನಮ್ಮ ಮನೆಯಲ್ಲಿಲ್ಲ. ಆದರೆ ಹೋದ ವರ್ಷ ಚಿಗಟೇರಿಯಲ್ಲಿ ನಡೆದ ಒಂದು ಸಂಗತಿಯನ್ನು ಅವರು ಕೊಟ್ಟೂರಿನ ತುಂಬ ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಅದರಲ್ಲಿ ಕಳ್ಳನನ್ನು ಹಿಡಿದದ್ದೂ ಅವರೇ, ಕೇಸು ಗೆದ್ದದ್ದೂ ಅವರೇ. ನನ್ನ ಹೆಸರೇ ಇಲ್ಲ! ಅದಕ್ಕೇ ಪೆನ್ನು ತೆಗೆದುಕೊಂಡೆ.

ನಾನು ರೇಖಾ, ಕೊಟ್ಟೂರಿನ ಸರ್ಕಾರಿ ಪ್ರೌಢಶಾಲೆಯ ಕನ್ನಡ ಟೀಚರು. ಇಪ್ಪತ್ತೆರಡು ವರ್ಷದಿಂದ ನಾನು ದಿನಕ್ಕೆ ನೂರು ಸಲ ಆಡುತ್ತ ಬಂದಿರುವ ಮಾತು ‘ಗದ್ಲ ಮಾಡಬ್ಯಾಡ್ರಿ’. ನನಗೆ ಗಂಟುಬಿದ್ದವರ ಕಸುಬು ನೋಡಿದರೆ ಮೈಕ್‌ಸೆಟ್. ನಮ್ಮ ಮಾವನವರು ಹಾಕಿದ್ದ ಅಂಗಡಿ ಅದು. ಮದುವೆ, ನಾಮಕರಣ, ಏಪ್ರಿಲ್ ಹದಿನಾಲ್ಕರ ಜಯಂತಿ, ಚುನಾವಣೆ, ಎಲ್ಲಿ ಗದ್ದಲ ಬೇಕೋ ಅಲ್ಲಿ ಪಕ್ಕೀರಪ್ಪ. ನಮ್ಮ ಮದುವೆಗೂ ಅವರದೇ ಮೈಕು. ಹಾರ ಬದಲಾಯಿಸುವ ಹೊತ್ತಿಗೆ ಹಾರ್ನು ಕಿರ್ರೋ ಎಂದಿತು. ಮದುಮಗನೇ ಹಾರ ಕೈಯಲ್ಲಿ ಹಿಡಿದುಕೊಂಡು ಎದ್ದುಹೋಗಿ, ಆಂಪ್ಲಿಫೈಯರಿನ ತಿರುಗಣಿ ತಿರುವಿ ಬಂದು, ಆಮೇಲೆ ನನ್ನ ಕೊರಳಿಗೆ ಹಾಕಿದ. ಅವತ್ತೇ ನನಗೆ ಗೊತ್ತಾಗಬೇಕಿತ್ತು.

ಒಂಬತ್ತು ವರ್ಷದ ಹಿಂದೆ ಕೂಡ್ಲಿಗಿ ಕಡೆ ಯಾರೋ ಕುರಿಗಾರರ ಮೇಲೆ ಒಂದು ಚಿತ್ರ ತೆಗೆಯಲು ಬಂದರು. ಅವರ ಧ್ವನಿ ಹಿಡಿಯುವ ಹುಡುಗ ಬೆಂಗಳೂರಿನವನು. ಮಂಡಕ್ಕಿ ಜೊತೆ ನಮ್ಮ ಮೆಣಸಿನಕಾಯಿ ಬಜ್ಜಿಯನ್ನು ಎಂಟು ತಿಂದು ಎರಡು ದಿನ ಮಲಗಿಬಿಟ್ಟ. ಕೊಟ್ಟೂರಿನಲ್ಲಿ ಮೈಕಿನವನೊಬ್ಬ ಇದ್ದಾನೆ ಅಂತ ಯಾರೋ ಹೇಳಿದರು. ಇವರು ಎರಡು ಹಾರ್ನು, ಒಂದು ಜನರೇಟರ್ ಸಮೇತ ಹೋದರು! ಅಲ್ಲಿ ಅದೇನೂ ಬೇಡ ಎಂದು ಕಿವಿಗೆ ಒಂದು ಹೆಡ್‌ಫೋನ್ ಸಿಕ್ಕಿಸಿ, ತುದಿಗೆ ಮೈಕು ಕಟ್ಟಿದ ಉದ್ದನೆಯ ಕೋಲು ಕೈಗೆ ಕೊಟ್ಟರು. ಸಂಜೆ ಮನೆಗೆ ಬಂದವರು ಊಟದ ತಟ್ಟೆಯನ್ನೇ ಮುಟ್ಟಲಿಲ್ಲ.

“ರೇಖಾ, ದನ ಮೆಲುಕು ಹಾಕೋ ಸಪ್ಪಳ ಕೇಳೀಯೇನು? ಇಪ್ಪತ್ತು ಮಾರು ದೂರದಾಗಿತ್ತು. ನಾ ಇವತ್ತು ಕೇಳಿದೆ ನೋಡು” ಅಂದರು.

ನನಗೆ ಮೈ ಉರಿದುಹೋಯಿತು. ನಾನು ಗ್ಯಾಸು ಮುಗಿದಿದೆ ಅಂದರೆ ‘ಹೂಂ’, ಕರೆಂಟು ಬಿಲ್ ಕಟ್ಟಿ ಬರ್ರಿ ಅಂದರೆ ‘ಹೂಂ’, ಮನೆಗೆ ಬೆಂಕಿ ಬಿದ್ದಿದೆ ಅಂದರೂ ‘ಹೂಂ’. ಹೆಂಡತಿಯ ಮಾತು ಕೇಳದ ಕಿವಿ ದನದ ಮೆಲುಕು ಕೇಳಿಕೊಂಡು ಬಂದಿತ್ತು.

ಆಮೇಲೆ ಹಾರ್ನುಗಳು ಅಟ್ಟ ಸೇರಿದವು. ಈಗ ನಮ್ಮ ಐದು ತಾಲ್ಲೂಕಿನಲ್ಲಿ ಯಾರೇ ಕ್ಯಾಮೆರಾ ತಂದರೂ ಧ್ವನಿಗೆ ಇವರೇ. ಎದೆಗೆ ರೆಕಾರ್ಡರಿನ ಚೀಲ, ಕೈಯಲ್ಲಿ ಕೋಲು, ಕೋಲಿನ ತುದಿಯ ಮೈಕಿಗೆ ಗಾಳಿ ಹೊಡೆಯದ ಹಾಗೆ ಹೊದಿಸಿದ ಕೂದಲಿನ ಟೊಪ್ಪಿಗೆ. ಅದನ್ನು ಕಂಡರೆ ಪ್ರತಿ ಊರಿನ ನಾಯಿಯೂ ಬೊಗಳುತ್ತದೆ. ಉಚ್ಚಂಗಿದುರ್ಗದ ಗುಡ್ಡದ ಮೇಲಂತೂ ಆ ಟೊಪ್ಪಿಗೆ ಸಾಲದೆ, ಅದರ ಮೇಲೆ ಕುರಿ ಉಣ್ಣೆಯದೊಂದು ಇವರೇ ಹೊಲಿದು ಹಾಕಿದರು. ನಟರ ಮೈಮೇಲೆ ಸಣ್ಣ ಮೈಕು ಅಂಟಿಸಲು ಆಸ್ಪತ್ರೆಯ ಟೇಪೇ ಆಗಬೇಕು, ಬೆವರಿಗೂ ಬಿಡುವುದಿಲ್ಲ, ಕಿತ್ತಾಗ ಚರ್ಮವೂ ಏಳುವುದಿಲ್ಲ ಅಂತ ಕಂಡುಹಿಡಿದದ್ದು ನಮ್ಮ ಮಗಳು ಕ್ರಾಂತಿ. ಅವಳು ಹಗರಿಬೊಮ್ಮನಹಳ್ಳಿಯಲ್ಲಿ ನರ್ಸು. ಅಪ್ಪ ಫೋನು ಮಾಡಿದರೆ ಅವಳು ಮೊದಲು ಕೇಳುವುದು ‘ಟೇಪ್ ಮುಗೀತೇನು?’ ಅಂತ.

ಇನ್ನು ಚಿಗಟೇರಿಯ ಕಥೆಗೆ ಬರುತ್ತೇನೆ.

ಅರುಣಕುಮಾರ್ ಎಂಬ ನಿರ್ದೇಶಕರು ಅಲ್ಲಿ ಒಂದು ಸಿನಿಮಾ ಮಾಡುತ್ತಿದ್ದರು. ದಾವಣಗೆರೆಯಲ್ಲಿ ಓದಿ ಬೆಂಗಳೂರು ಸೇರಿದವರು, ಕೆಟ್ಟವರಲ್ಲ, ಆದರೆ ಅವಸರದ ಮನುಷ್ಯ. ಆ ಸಿನಿಮಾದಲ್ಲಿ ಒಬ್ಬ ಅಜ್ಜಿ ಮೊಮ್ಮಗನ ಹೆಂಡತಿಗೆ ಒಂದು ಕಥೆ ಹೇಳುತ್ತಾಳೆ. ಆರು ನಿಮಿಷ, ಒಂದೇ ಓಟ, ನಡುವೆ ಎಲ್ಲೂ ಕತ್ತರಿ ಇಲ್ಲ. ಆ ಅಜ್ಜಿಯಾಗಿ ಅವರು ಆರಿಸಿಕೊಂಡದ್ದು ಅದೇ ಊರಿನ ಗಾಳೆಮ್ಮನನ್ನು.

ಗಾಳೆಮ್ಮಜ್ಜಿಗೆ ಅರವತ್ತೆಂಟು ವರ್ಷ. ಐವತ್ತು ವರ್ಷ ಮಂದಿಯ ಹೊಲದಲ್ಲಿ ಕಳೆ ತೆಗೆದ ಹೆಂಗಸು. ಅವಳಿದ್ದರೆ ಕಳೆಯ ಕೆಲಸ ಬೇಗ ಮುಗಿಯುತ್ತದೆ ಅಂತ ಸುತ್ತ ಊರಿನವರೆಲ್ಲ ಅವಳನ್ನೇ ಕರೆಯುತ್ತಿದ್ದರಂತೆ. ಯಾಕೆಂದರೆ ಅವಳು ಸಾಲಿನ ನಡುವೆ ಕೂತು ಕಥೆ ಹೇಳುತ್ತಿದ್ದಳು. ಹತ್ತು ಹೆಂಗಸರು ಕಳೆ ಕೀಳುತ್ತ ‘ಹೂಂ’ ಅನ್ನುತ್ತಿದ್ದರು. ಯಾವಳ ‘ಹೂಂ’ ದೂರದಿಂದ ಬಂತೋ ಅವಳು ಹಿಂದೆ ಬಿದ್ದಿದ್ದಾಳೆ ಅಂತ ಲೆಕ್ಕ. ಕಥೆಯ ಮುಂದಿನ ಭಾಗ ಬೇಕೆಂದರೆ ಅವಳು ಮುಂದೆ ಬರಲೇಬೇಕು. ಸಿನಿಮಾದಲ್ಲಿ ಹೇಳುವ ಕೋಳಿಯ ಕಥೆಯೂ ಅವಳದೇ ಸ್ವಂತದ್ದು. ಅರುಣಕುಮಾರ್ ಅದನ್ನು ಕೇಳಿ ಮರುಳಾಗಿಯೇ ಅವಳನ್ನು ಹಾಕಿಕೊಂಡಿದ್ದರು.

ಶೂಟಿಂಗಿನ ಎರಡನೇ ದಿನ ಗಾಳೆಮ್ಮಜ್ಜಿಗೆ ಒಂದು ಸುದ್ದಿ ಗೊತ್ತಾಯಿತು. ಧ್ವನಿ ಸರಿಯಾಗಿ ಬರದೆ ಹೋದರೆ, ಬೆಂಗಳೂರಿನಲ್ಲಿ ಬೇರೆ ಒಬ್ಬ ಹೆಂಗಸು ಇವಳ ಮಾತನ್ನೆಲ್ಲ ಹೇಳುತ್ತಾಳೆ, ಸಿನಿಮಾದಲ್ಲಿ ಮುಖ ಇವಳದು, ದನಿ ಅವಳದು. ಆ ಹೆಂಗಸನ್ನು ಗೊತ್ತುಮಾಡಿಯೂ ಆಗಿತ್ತು.

ಗಾಳೆಮ್ಮಜ್ಜಿ ಸೀದಾ ನನ್ನ ಗಂಡನ ಹತ್ತಿರ ಬಂದಳಂತೆ.

“ಏನಪಾ, ನನ್ನ ಬಾಯಾಗ ಬ್ಯಾರೆಯಾಕಿ ಕುಂತು ಮಾತಾಡ್ತಾಳಂತಲ್ಲ? ಕಥಿ ನಂದು, ಮಕ ನಂದು, ಬಾಯಿ ಮಾತ್ರ ಆಕೀದೇನು? ಹಂಗಾದ್ರ ನಾ ಯಾಕ ಕುಂದ್ರಬೇಕು? ನಂದೊಂದು ಫೋಟ ಇಟ್ಕಳ್ರಿ!”

“ಯಮ್ಮಾ, ನಾ ಅದೀನಿ. ದನಿ ಕೆಡಾಕ ಬಿಡಂಗಿಲ್ಲ” ಅಂದರು ಇವರು.

“ಮಾತು ಕೊಟ್ಟಿ ನೋಡು. ನನ್ನ ದನಿ ನಿನ್ನ ಕೈಯಾಗೈತಿ” ಅಂದು ಅವಳು ಇವರ ಕೈ ಹಿಡಿದುಕೊಂಡಳು.

ಇದನ್ನು ಮನೆಯಲ್ಲಿ ಹೇಳುವಾಗ ಇವರ ಮುಖ ಸಣ್ಣದಾಗಿತ್ತು. ಮಾತು ಕೊಟ್ಟು ಬಂದಾಗಲೆಲ್ಲ ಹೀಗೇ. ಆ ರಾತ್ರಿ ಊಟ ಕೂಡ ಸರಿಯಾಗಿ ಮಾಡಲಿಲ್ಲ.

ಶೂಟಿಂಗ್ ನಡೆದದ್ದು ಹುಲುಗಮ್ಮ ಅನ್ನುವವರ ಮಣ್ಣಿನ ಮಾಳಿಗೆ ಮನೆಯಲ್ಲಿ. ಇವರು ಯಾವ ಜಾಗಕ್ಕೆ ಹೋದರೂ ಮೊದಲು ಡಬ್ಬಿ ಬಿಚ್ಚುವುದಿಲ್ಲ. ಹತ್ತು ನಿಮಿಷ ಕಣ್ಣುಮುಚ್ಚಿ ನಿಲ್ಲುತ್ತಾರೆ. ಏನೇನು ಕೇಳುತ್ತದೆ ಅಂತ ಬೆರಳು ಮಡಚಿ ಎಣಿಸುತ್ತಾರೆ. ಹಿಟ್ಟಿನ ಗಿರಣಿ, ಪಕ್ಕದ ಮನೆಯ ಟಿವಿ, ಬೋರಿನ ಮೋಟಾರು, ಮನೆಯೊಳಗಿನ ಫ್ರಿಜ್ಜು. ಆಮೇಲೆ ಒಂದೊಂದರ ಯಜಮಾನರ ಹತ್ತಿರ ಹೋಗಿ ಕೈಮುಗಿಯುತ್ತಾರೆ. ಎಲೆಕ್ಷನ್ನಿನಲ್ಲಿ ಓಟು ಕೇಳುವವರೂ ಅಷ್ಟು ಕೈಮುಗಿಯುವುದಿಲ್ಲ. ಗಿರಣಿಯ ಓಬಳೇಶ ಮಾತ್ರ ಒಪ್ಪದೆ, ‘ನನ್ನನ್ನೂ ಸಿನಿಮಾದಾಗ ಒಂದ್ ಕಡಿ ನಿಂದರ್ಸಿದ್ರ ಬಂದ್ ಮಾಡ್ತೀನಿ’ ಅಂದ. ನಿಲ್ಲಿಸಿದರು. ಸಿನಿಮಾದಲ್ಲಿ ಅವನು ಈಗಲೂ ಸುಮ್ಮನೆ ಒಂದು ಬೇವಿನ ಮರ ಹಿಡಿದು ನಿಂತಿದ್ದಾನೆ.

ಫ್ರಿಜ್ಜಿನದೇ ಒಂದು ಪ್ರಸಂಗವಾಯಿತು. ಶೂಟಿಂಗಿಗೆ ಫ್ರಿಜ್ಜು ಆರಿಸಿದರೆ ಮತ್ತೆ ಹಾಕಲು ಮರೆಯಬಾರದು. ಅದಕ್ಕೆ ಇವರ ಉಪಾಯವೆಂದರೆ ಬೈಕಿನ ಕೀ ಫ್ರಿಜ್ಜಿನೊಳಗೆ ಇಡುವುದು. ಮನೆಗೆ ಹೋಗಬೇಕಾದರೆ ಕೀ ಬೇಕು, ಕೀ ಬೇಕಾದರೆ ಫ್ರಿಜ್ಜು ತೆಗೆಯಬೇಕು, ತೆಗೆದರೆ ಸ್ವಿಚ್ಚಿನ ನೆನಪು ಬರುತ್ತದೆ. ಬುದ್ಧಿವಂತಿಕೆಯೇ ಸರಿ. ಆದರೆ ಹುಲುಗಮ್ಮ ಮಧ್ಯಾಹ್ನ ಮೊಸರಿಗೆ ಬಾಗಿಲು ತೆಗೆದವರು, ‘ಯವ್ವಾ, ಕೀ ತಣ್ಣಗಾಕ ಇಟ್ಟಾರಲ್ಲ ಈ ಮಂದಿ’ ಅಂತ ಅದನ್ನು ತೆಗೆದು ಬಾಗಿಲ ಮೊಳೆಗೆ ನೇತುಹಾಕಿದರು. ಸಂಜೆ ಇವರು ಮೊಳೆಯ ಮೇಲಿನ ಕೀ ಕಂಡು ಖುಷಿಯಾಗಿ ಬೈಕು ಹತ್ತಿ ಕೊಟ್ಟೂರಿಗೆ ಬಂದುಬಿಟ್ಟರು. ಮರುದಿನ ಹುಲುಗಮ್ಮನ ಎರಡು ಲೀಟರ್ ಹಾಲು ಒಡೆದಿತ್ತು, ನಮ್ಮ ಮನೆಯ ಎರಡು ಲೀಟರ್ ಹಾಲು ಚಿಗಟೇರಿಗೆ ಹೋಯಿತು, ನಾನು ಕರಿ ಚಹಾ ಕುಡಿದು ಶಾಲೆಗೆ ಹೋದೆ. ಈಗ ಕೀ ಜೊತೆ ‘ಮುಟ್ಟಬೇಡಿ, ಇದು ಪಕ್ಕೀರಪ್ಪನ ನೆನಪು’ ಅಂತ ಚೀಟಿಯೂ ಇರುತ್ತದೆ.

ಕಥೆಯ ದೃಶ್ಯ ತೆಗೆದದ್ದು ಒಂದು ಶುಕ್ರವಾರ. ಗೋಡೆಗೆ ದನಿ ಬಡಿದು ವಾಪಸ್ಸು ಬರಬಾರದು ಅಂತ ಇವರು ಕ್ಯಾಮೆರಾಕ್ಕೆ ಕಾಣದ ಮೂರು ಗೋಡೆಗೂ ಕಂಬಳಿ ಕಟ್ಟಿದರು. ಕಂಬಳಿಗಳನ್ನು ಕೊಟ್ಟದ್ದು ಗಾಳೆಮ್ಮಜ್ಜಿಯ ಗಂಡ ಎರ್ರೆಪ್ಪಜ್ಜ. ಹೊಸ ಕಂಬಳಿಯ ವಾಸನೆಗೆ ಅರುಣಕುಮಾರ್ ಸೀನತೊಡಗಿ, ಮೊದಲ ಎರಡು ಟೇಕು ನಿರ್ದೇಶಕರ ಸೀನಿನಲ್ಲೇ ಹೋದವು.

ಮೂರನೆಯದರಲ್ಲಿ ಬಳೆ. ಗಾಳೆಮ್ಮಜ್ಜಿಯ ಎರಡೂ ಕೈತುಂಬ ಹಸಿರು ಬಳೆ, ಕೈ ಎತ್ತಿದರೆ ಗಲಗಲ. “ಅಜ್ಜಿ, ಬಳೆ ತೆಗೆದುಬಿಡಿ” ಅಂದರು ಅರುಣಕುಮಾರ್.

“ಮುದುಕ ಹೊರಗ ಕಟ್ಟಿ ಮ್ಯಾಲೆ ಜೀವಂತ ಕುಂತಾನ, ಬಳಿ ತೆಗಿ ಅಂತೀಯಲ್ಲೋ! ನಿನ್ನ ಬಾಯಾಗ ಮಣ್ಣು ಹಾಕ!”

ಇವರು ಚೀಲದಿಂದ ಹಸಿರು ದಾರದ ಉಂಡೆ ತೆಗೆದು, ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತು, ಬಳೆ ಬಳೆಗಳ ನಡುವೆ ದಾರ ಸುತ್ತಿ ನಾಲ್ಕು ನಾಲ್ಕನ್ನು ಒಂದು ಮಾಡಿದರು. ಅರ್ಧ ಗಂಟೆ ಹಿಡಿಯಿತು. ಕ್ಯಾಮೆರಾಕ್ಕೆ ದಾರ ಕಾಣಲಿಲ್ಲ, ಕೈ ಎತ್ತಿದರೂ ಬಳೆ ಉಸಿರೆತ್ತಲಿಲ್ಲ. ಅಜ್ಜಿ ಕೈಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ ನಕ್ಕಳಂತೆ.

ಆದರೆ ಆಮೇಲೆ ಅಜ್ಜಿಯೇ ನಿಂತುಬಿಟ್ಟಳು. “ಒಂದೂರಾಗ ಒಬ್ಬಾಕಿ ಇದ್ಲು” ಅನ್ನುತ್ತಾಳೆ, ಸುಮ್ಮನಾಗುತ್ತಾಳೆ. ಎದುರಿಗೆ ಕೂತ ನಟಿಗೆ ಬಾಯಿ ಬಿಡಬಾರದು ಅಂತ ಅಪ್ಪಣೆಯಾಗಿತ್ತು. ಅವಳು ಕಣ್ಣರಳಿಸಿಕೊಂಡು ಕೂತಿದ್ದಾಳೆ. ಅಜ್ಜಿ ಕಾಯುತ್ತಾಳೆ. “ಕೇಳಾಕತ್ತೀಯೋ, ಕಣ್ಣು ಬಿಟ್ಕಂಡು ಮಲಗೀಯೋ?” ಅನ್ನುತ್ತಾಳೆ. ಕಟ್! ಹೀಗೆ ಐದು ಸಲ ಆಯಿತು. ಅರುಣಕುಮಾರ್ ತಲೆಯ ಮೇಲೆ ಕೈ ಹೊತ್ತರು.

ಆರನೇ ಸಲಕ್ಕೆ ಏನಾಯಿತೋ, ಅಜ್ಜಿ ಸರಾಗವಾಗಿ ಹೊರಟಳು. ಅವಳ ಕಣ್ಣು, ಕೈ, ದನಿ, ಎಲ್ಲವೂ ಕಳೆ ಸಾಲಿನ ನಡುವೆ ಕೂತ ಹಾಗೆ. ಆರು ನಿಮಿಷ ಮುಗಿದಾಗ ಕ್ಯಾಮೆರಾದವನ ಕಣ್ಣು ಒದ್ದೆಯಾಗಿತ್ತಂತೆ. ಆದರೆ ನಮ್ಮವರು ಕೈ ಎತ್ತಿದರು.

“ಸರ್, ಯಾರೋ ಹೂಂ ಅನ್ನಾಕತ್ತಾರ.”

ಎಲ್ಲರೂ ಎಲ್ಲರನ್ನೂ ನೋಡಿದರು. ಹೆಡ್‌ಫೋನಿನಲ್ಲಷ್ಟೇ ಸ್ಪಷ್ಟವಾಗಿ ಕೇಳುವ ಸಣ್ಣ ದನಿ ಅದು. ಯಾರೂ ಒಪ್ಪಲಿಲ್ಲ. ಇನ್ನೊಂದು ಟೇಕು. ಮತ್ತೆ ಹೂಂ. ಇವರು ಕಿವಿಯಲ್ಲಿ ಹೆಡ್‌ಫೋನು, ಕೈಯಲ್ಲಿ ಕೋಲು ಹಿಡಿದೇ ಹೊರಗೆ ಓಡಿದರು. ಕಿಟಕಿಯ ಕೆಳಗೆ ಕಟ್ಟೆಯ ಮೇಲೆ ಎರ್ರೆಪ್ಪಜ್ಜ ಬೀಡಿ ಸೇದುತ್ತ ಕೂತಿದ್ದ.

“ಯಜ್ಜಾ, ನೀ ಹೂಂ ಅನ್ನಾಕತ್ತಿ ಏನು?”

ಅಜ್ಜ ಬೀಡಿ ಬಾಯಿಂದ ತೆಗೆದ. “ನಾನಾ? ಲಗ್ನ ಆಗಿ ನಲವತ್ತೊಂಬತ್ತು ವರ್ಸ ಆತು, ಆಕಿ ಕಥಿಗೆ ನಾ ಒಂದ್ ಸಲಾನಾರ ಹೂಂ ಅಂದೀನೇನು ಕೇಳ್ ಹೋಗು ಆಕೀನ! ಬಾಯಿಗೆ ಬಂದಂಗ ಮಾತಾಡಬ್ಯಾಡ ತಮ್ಮಾ.”

ಒಳಗಿನಿಂದ ಗಾಳೆಮ್ಮಜ್ಜಿಯ ದನಿ ಬಂತು. “ಅಂವ ಹೂಂ ಅಂದಿದ್ರ ನಾ ಹೊಲದಾಗ ಹೋಗಿ ಯಾಕ ಹೇಳ್ತಿದ್ದೆ!”

ಆದರೂ ಅಜ್ಜನಿಗೆ ಒಂದು ಚಹಾ ಕೊಡಿಸಿ ಬಸ್‌ಸ್ಟ್ಯಾಂಡಿನವರೆಗೆ ಅಟ್ಟಿದರು. ಹೂಂ ನಿಲ್ಲಲಿಲ್ಲ. ಬೆಳಕು ಇಳಿಯುತ್ತ ಬಂತು. ಅರುಣಕುಮಾರ್ “ಆಯ್ತು ಪಕ್ಕೀರಪ್ಪ, ನೋಡೋಣ ಬಿಡಿ, ಆಗದಿದ್ದರೆ ಡಬ್ಬಿಂಗ್ ಇದ್ದೇ ಇದೆಯಲ್ಲ, ಪ್ಯಾಕಪ್” ಅಂದರು. ಗಾಳೆಮ್ಮಜ್ಜಿ ಆ ಮಾತು ಕೇಳಿಸಿಕೊಂಡು ಇವರ ಮುಖ ನೋಡಿದಳು.

ಪ್ಯಾಕಪ್ ಅಂದಮೇಲೂ ಇವರು ಬಿಡಲಿಲ್ಲ. “ಸರ್, ಒಂದು ನಿಮಿಷ. ಯಾರೂ ಅಲ್ಲಾಡಬ್ಯಾಡ್ರಿ, ಯಾರೂ ಮಾತಾಡಬ್ಯಾಡ್ರಿ” ಅಂದರು. ಇದು ಅವರ ಇನ್ನೊಂದು ಹುಚ್ಚು. ಯಾವ ಜಾಗ ಬಿಡುವ ಮುಂಚೆಯೂ ಅಲ್ಲಿಯ ಬರೀ ಮೌನವನ್ನು ಒಂದು ನಿಮಿಷ ಹಿಡಿದುಕೊಳ್ಳುತ್ತಾರೆ. ಪ್ರತಿ ಮನೆಯ ಮೌನವೂ ಬೇರೆ ಬೇರೆಯಂತೆ. ನನಗೆ ಮೊದಮೊದಲು ನಗು ಬರುತ್ತಿತ್ತು. ನಮ್ಮ ಶಾಲೆಯಲ್ಲಿ ಒಂದು ನಿಮಿಷ ಮೌನ ಸಿಕ್ಕರೆ ನಾನು ಮನೆಗೇ ತಂದು ಇಟ್ಟುಕೊಳ್ಳುತ್ತಿದ್ದೆ.

ಅರುಣಕುಮಾರ್ ಗಡಿಯಾರ ನೋಡಿಕೊಂಡರು. ಎಲ್ಲರೂ ಕೈಕಟ್ಟಿ ತಲೆ ತಗ್ಗಿಸಿ ನಿಂತರು. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನಿಂದ ವಾಪಸ್ಸು ಬಂದ ಎರ್ರೆಪ್ಪಜ್ಜ ಬಾಗಿಲಲ್ಲಿ ನಿಂತು ಇದನ್ನು ಕಂಡ. ತಲೆಯ ಮೇಲಿನ ಟವೆಲು ತೆಗೆದ. ಚಪ್ಪಲಿ ಬಿಟ್ಟ. ತಾನೂ ಕೈಕಟ್ಟಿ ತಲೆ ತಗ್ಗಿಸಿದ. ನಿಮಿಷ ಮುಗಿದ ಮೇಲೆ ಮೆಲ್ಲಗೆ ಕೇಳಿದ.

“ಯಾರು ಹೋದ್ರಪಾ ಪಾಪ?”

ಶನಿವಾರ ಮಧ್ಯಾಹ್ನ ಬೆಂಗಳೂರಿನಿಂದ ಫೋನು ಬಂತು. ಒಳ್ಳೆಯ ಟೇಕುಗಳಲ್ಲೆಲ್ಲ ಒಬ್ಬ ಗಂಡಸಿನ ದನಿ ಇದೆ, ಸೋಮವಾರ ಡಬ್ಬಿಂಗಿಗೆ ಆ ಹೆಂಗಸನ್ನು ಕರೆಸಿದ್ದೇವೆ, ಬೇಜಾರು ಮಾಡಿಕೊಳ್ಳಬೇಡಿ ಅಂದರು ಅರುಣಕುಮಾರ್. ಇವರು “ಭಾನುವಾರ ತನಕ ಟೈಮ್ ಕೊಡ್ರಿ ಸರ್” ಅಂದು ಫೋನಿಟ್ಟು ಗೋಡೆ ನೋಡುತ್ತ ಕೂತರು.

ಭಾನುವಾರ ಬೆಳಿಗ್ಗೆ ನಾನು ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಇವರು ಪಡಸಾಲೆಯಲ್ಲಿ ಆ ಕಥೆಯನ್ನು ಸ್ಪೀಕರಿಗೆ ಹಾಕಿ ನೂರನೇ ಸಲ ಕೇಳುತ್ತಿದ್ದರು. ಯಾರ ಹೂಂ ಇದು? ಕ್ಯಾಮೆರಾದವನದೇ? ಓಬಳೇಶನದೇ? ಹಾಳಾದವನು ಗಿರಣಿ ಬಿಟ್ಟು ಕಿಟಕಿಗೆ ಬಂದು ನಿಂತಿದ್ದನೇ? ಗೊಣಗಾಟ ನಡೆದೇ ಇತ್ತು.

“ಒಂದೂರಾಗ ಒಬ್ಬಾಕಿ ಇದ್ಲು.”

“ಹೂಂ.”

ನನ್ನ ಕೈಯಲ್ಲಿನ ಚಾಕು ನಿಂತಿತು. ಮೂಗಿನಲ್ಲಿ ಶುರುವಾಗಿ, ಬಾಯಿ ತೆರೆಯದೆ, ಕೊನೆಗೆ ಚೂರು ಮೇಲಕ್ಕೆ ತಿರುಗುವ ಹೂಂ. ಇಪ್ಪತ್ತನಾಲ್ಕು ವರ್ಷ ಆ ಹೂಂ ಜೊತೆ ಸಂಸಾರ ಮಾಡಿದ್ದೇನೆ! ಗ್ಯಾಸಿಗೂ ಅದೇ, ಕರೆಂಟಿಗೂ ಅದೇ, ಬೆಂಕಿಗೂ ಅದೇ.

“ಏನ್ರಿ, ಇನ್ನೊಂದ್ ಸಲ ಹಾಕ್ರಿ” ಅಂದೆ. ಹಾಕಿದರು. ಪಡಸಾಲೆಗೆ ಬಂದು ಎದುರಿಗೆ ನಿಂತೆ.

“ಕಳ್ಳ ಸಿಕ್ಕ.”

“ಯಾರು?”

“ನಿಮ್ಮ ಹೂಂ ಅಲ್ಲೇನ್ರಿ ಅದು!”

“ನಂದಾ? ತಲಿ ಕೆಟ್ಟೈತೇನು? ನಾ ರೆಕಾರ್ಡ್ ಮಾಡಾವ! ಟೇಕ್ ನಡೆದಾಗ ಉಸಿರೂ ಬಿಡಂಗಿಲ್ಲ ನಾನು.”

ನಾನು ವಾದ ಮಾಡಲಿಲ್ಲ. ಎದುರಿಗೆ ಕೂತು ಹೇಳಿದೆ. “ಆಯ್ತು ಬಿಡ್ರಿ. ನಿನ್ನೆ ನಮ್ಮ ಶಾಲ್ಯಾಗ ಏನಾತು ಗೊತ್ತೇನು? ಹೆಡ್‌ಮೇಷ್ಟ್ರು ಮ್ಯಾಲಿನ ಕೋಣೆಗೆ ಹೋದ್ರು...”

“ಹೂಂ” ಅಂದರು ಇವರು.

ಅಂದ ಕೂಡಲೇ ಅವರ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಸ್ಪೀಕರು ನೋಡಿದರು, ನನ್ನನ್ನು ನೋಡಿದರು. ಹೆಡ್‌ಫೋನಿನಲ್ಲಿ ತಮ್ಮದೇ ದನಿ ದೂರದ ಮೈಕಿನಿಂದ ಬಂದರೆ ಬೇರೆಯವರದರ ಹಾಗೆ ಕೇಳುತ್ತದಂತೆ. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ನಾನು ನಗಬೇಕು ಅಂತಿದ್ದವಳು ನಗಲಿಲ್ಲ.

“ಆ ಯಮ್ಮಗ ಮಾತು ಕೊಟ್ಟಿದ್ದೆ ರೇಖಾ. ನಾನ ಕೆಡಿಸಿದೆ” ಅಂದರು.

ನಾನು ಕೂತು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಮೂವತ್ತೊಂದು ಹೂಂ ಇದ್ದವು. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು. ಇವು ಗ್ಯಾಸಿನ ಹೂಂಗಳಲ್ಲ. ಕೋಳಿ ಕಳೆದುಹೋದಾಗ ಒಂದು ಥರ, ಸಿಕ್ಕಾಗ ಇನ್ನೊಂದು ಥರ, ನೆರೆಮನೆಯವಳು ಸುಳ್ಳು ಹೇಳಿದಾಗ ಸಿಟ್ಟಿನ ಹೂಂ. ಈ ಮನುಷ್ಯ ಕೇಳುತ್ತಿದ್ದರು, ನಿಜವಾಗಿ ಕೇಳುತ್ತಿದ್ದರು. ನನಗೆ ಅಂಥದ್ದು ಒಂದೂ ಸಿಕ್ಕಿರಲಿಲ್ಲ. ಜೊತೆಗೆ ಇನ್ನೊಂದು ವಿಷಯವೂ ನನ್ನ ಕಿವಿಗೆ ಬಿತ್ತು.

“ಒಂದು ಹೂಂ ಆದ್ರೂ ಅಜ್ಜಿ ಮಾತಿನ ಮ್ಯಾಲೆ ಬಿದ್ದೈತೇನು ನೋಡ್ರಿ. ಆಕಿ ನಿಲ್ಲಿಸಿದ ಜಾಗದಾಗ ಮಾತ್ರ ಅಂದೀರಿ. ಅಷ್ಟೂ ಕಿತ್ತು ಒಗೀರಿ.”

ಇವರು ತಲೆಯಾಡಿಸಿದರು. “ಕಿತ್ತರ ಅಲ್ಲಿ ತೂತು ಬೀಳ್ತೈತಿ. ಮಾತಿನ ಹಿಂದ ಆ ಮನಿ ಗಾಳಿ ಐತಲ್ಲ, ಅದೂ ಹೋಗ್ತೈತಿ. ಕೇಳೋರ್ಗೆ ಕಿವಿ ಟಪ್ಪಂತ ಮುಚ್ಚಿ ಬಿಟ್ಟಂಗ...” ಅನ್ನುತ್ತಲೇ ಎದ್ದು ನಿಂತರು. “ನನ್ನ ನಿಮಿಷ!”

ಎರ್ರೆಪ್ಪಜ್ಜ ಟವೆಲು ತೆಗೆದು ಶ್ರದ್ಧಾಂಜಲಿ ಕೊಟ್ಟಿದ್ದ ಅದೇ ನಿಮಿಷ. ಹುಲುಗಮ್ಮನ ಮನೆಯ ಮಣ್ಣಿನ ಗೋಡೆಯ, ಎರ್ರೆಪ್ಪಜ್ಜನ ಕಂಬಳಿಯ, ಆರಿಸಿದ ಫ್ರಿಜ್ಜಿನ ಮೌನ. ಇವರು ಲ್ಯಾಪ್‌ಟಾಪಿನ ಮುಂದೆ ಕೂತರು. ಒಂದೊಂದು ಹೂಂ ಕತ್ತರಿಸಿ, ಆ ಜಾಗಕ್ಕೆ ಅಷ್ಟೇ ಉದ್ದದ ಮೌನದ ತುಂಡು ಅಂಟಿಸಿದರು, ಹರಿದ ಅಂಗಿಗೆ ಅದೇ ಬಟ್ಟೆಯ ತೇಪೆ ಹಾಕಿದ ಹಾಗೆ. ನಾನು ಪಕ್ಕದಲ್ಲಿ ಕೂತು ಎಣಿಸಿದೆ. ಅವತ್ತು ನಮ್ಮ ಮನೆಯಲ್ಲಿ ಸಾರು ಹತ್ತಿಕೊಂಡಿತು, ಯಾರೂ ಬೈಯಲಿಲ್ಲ. ಸಂಜೆ ನಾಲ್ಕಕ್ಕೆ ಬೆಂಗಳೂರಿಗೆ ಕಳಿಸಿದರು. ಐದೂವರೆಗೆ ಅರುಣಕುಮಾರ್ ಫೋನು ಮಾಡಿ, “ಪಕ್ಕೀರಪ್ಪ, ಆ ಗಂಡಸು ಎಲ್ಲಿ ಹೋದ?” ಅಂತ ಕೇಳಿದರು.

“ಮನ್ಯಾಗ ಅದಾನ ಸರ್” ಅಂದೆ ನಾನು ಹಿಂದಿನಿಂದ.

ಡಬ್ಬಿಂಗ್ ರದ್ದಾಯಿತು. ಮರುವಾರ ಇವರು ನನ್ನನ್ನೂ ಕರೆದುಕೊಂಡು ಚಿಗಟೇರಿಗೆ ಹೋಗಿ ಗಾಳೆಮ್ಮಜ್ಜಿಯ ಮುಂದೆ ತಪ್ಪೊಪ್ಪಿಕೊಂಡರು. ಅವಳು ಬಿದ್ದು ಬಿದ್ದು ನಕ್ಕಳು.

“ನೀನಾ ಅನ್ನೋದು ನನಗ ಗೊತ್ತಿತ್ತು ಬಿಡಪಾ. ಕೋಲು ಹಿಡ್ಕಂಡು ನನ್ನ ಬಾಯಿ ನೋಡ್ಕಂತ ನಿಂತಿದ್ದಿ. ನೀ ಹೂಂ ಅನ್ನದಿದ್ರ ನಾ ಎಲ್ಲಿ ಹೇಳ್ತಿದ್ದೆ?” ಎಂದವಳು ಕಣ್ಣೊರೆಸಿಕೊಂಡು ಕೇಳಿದಳು. “ಈಗ ಅವ್ನೆಲ್ಲ ತಗದೀಯಾ?”

“ತಗದೀನಿ ಯಮ್ಮಾ. ನಿನ್ನ ದನಿ ಒಂದ ಐತಿ.”

“ಹಂಗಾದ್ರ ಮಂದಿ ಕೇಳ್ಯಾರಂತ ನನಗ ಹೆಂಗ ಗೊತ್ತಾಗಬೇಕು?”

 

ಸಿನಿಮಾ ಮುಗಿದ ಮೇಲೆ ಅರುಣಕುಮಾರ್ ಹರಪನಹಳ್ಳಿಯ ಟಾಕೀಸಿನಲ್ಲಿ ಊರಿನವರಿಗೆಂದೇ ಬೆಳಗಿನ ಆಟ ಇಟ್ಟರು. ಚಿಗಟೇರಿಯಿಂದ ಎರಡು ಬಸ್ಸು ಬಂದವು. ನಮ್ಮವರು ಬಾಗಿಲಲ್ಲೇ ನಿಂತು ಒಬ್ಬೊಬ್ಬರಿಗೂ ಹೇಳಿ ಒಳಗೆ ಬಿಟ್ಟರು. “ಯಾರೂ ಪಿಟ್ ಅನ್ನಬಾರ್ದು. ಮಂಡಕ್ಕಿ ಹೊರಗ ಬಿಡ್ರಿ. ಕೆಮ್ಮು ಬಂದ್ರ ಬಾಯಿಗೆ ಟವೆಲ್ ಇಟ್ಕಳ್ರಿ.” ನಾನು ಮಕ್ಕಳಿಗೂ ಅಷ್ಟು ಜೋರು ಮಾಡಿಲ್ಲ. ಹುಲುಗಮ್ಮ ಹೆದರಿ ಬಳೆ ಹಿಡಿದುಕೊಂಡೇ ಕೂತರು.

ಗಾಳೆಮ್ಮಜ್ಜಿ ನನ್ನ ಪಕ್ಕ, ಅವಳ ಆಚೆ ಎರ್ರೆಪ್ಪಜ್ಜ, ನನ್ನ ಈಚೆ ನನ್ನ ಗಂಡ. ಪರದೆಯ ಮೇಲೆ ಗಾಳೆಮ್ಮಜ್ಜಿ ಬಂದಳು. ಅಷ್ಟು ದೊಡ್ಡ ಮುಖ. ಬಾಯಿ ತೆರೆದಳು, ಅವಳದೇ ದನಿ ಬಂತು.

“ಒಂದೂರಾಗ ಒಬ್ಬಾಕಿ ಇದ್ಲು.”

ಹೂಂ ಇದ್ದ ಜಾಗದಲ್ಲಿ ಹುಲುಗಮ್ಮನ ಮನೆಯ ಮೌನ. ಟಾಕೀಸಿನಲ್ಲಿ ಇನ್ನೂರು ಮಂದಿ, ಇವರ ಅಪ್ಪಣೆಯಂತೆ ಯಾರೂ ಪಿಟ್ ಅನ್ನಲಿಲ್ಲ. ನನ್ನ ಪಕ್ಕದ ಗಾಳೆಮ್ಮಜ್ಜಿ ಮೆಲ್ಲಗೆ ಹಿಂದೆ ಮುಂದೆ ನೋಡಿದಳು.

“ಆಕಿಗೊಂದು ಕೋಳಿ ಇತ್ತು.”

ಮತ್ತೆ ಮೌನ. ಕತ್ತಲಲ್ಲಿ ಅವಳ ಕೈ ನನ್ನ ಕೈ ಹುಡುಕಿ ಹಿಡಿದುಕೊಂಡಿತು. ದಾರ ಬಿಚ್ಚಿದ ಬಳೆಗಳು ಗಲ್ ಎಂದವು. ಐವತ್ತು ವರ್ಷ ಕಥೆ ಹೇಳಿದವಳಿಗೆ ಇಷ್ಟು ಮಂದಿ ಬಾಯಿ ಮುಚ್ಚಿ ಕೂತದ್ದು ಅವತ್ತೇ ಮೊದಲು. ನನಗೆ ಅಳು ಬಂತು. ಗಂಡನನ್ನು ಮೊಣಕೈಯಲ್ಲಿ ತಿವಿದು ‘ಅನ್ರಿ!’ ಅಂದೆ. ಆ ಪುಣ್ಯಾತ್ಮರು ಬಾಯಿಗೆ ಟವೆಲು ತುರುಕಿಕೊಂಡು ತಲೆಯಾಡಿಸಿದರು, ತಾವು ಮಾಡಿದ ಕಾನೂನು ತಾವೇ ಮುರಿಯುವುದು ಹೇಗೆ ಅಂತ.

“ಆ ಕೋಳಿ ದಿನಾ ಹೋಗಿ ಪಕ್ಕದ ಮನ್ಯಾಗ ಮೊಟ್ಟಿ ಇಡ್ತಿತ್ತು.”

“ಹೂಂ.”

ದಪ್ಪನೆಯ, ಬೀಡಿ ಸೇದಿ ಸವೆದ ದನಿ. ಗಾಳೆಮ್ಮಜ್ಜಿ ಗಕ್ಕನೆ ಆಚೆ ತಿರುಗಿದಳು. ಎರ್ರೆಪ್ಪಜ್ಜ ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದ. ಇವಳು ಪರದೆ ಬಿಟ್ಟು ಅವನನ್ನೇ ನೋಡತೊಡಗಿದಳು. ಮುಂದಿನ ಮಾತಿಗೆ ನನ್ನ ಗಂಡನ ಬಾಯಿಂದ ಟವೆಲು ಹೊರಬಂತು, ಅದರ ಮುಂದಿನದಕ್ಕೆ ನಾನೂ ಸೇರಿದೆ, ಆಮೇಲೆ ಇಡೀ ಟಾಕೀಸೇ ಹೂಂ ಅನ್ನತೊಡಗಿತು. ಗಾಳೆಮ್ಮಜ್ಜಿ ಮಾತ್ರ ಇನ್ನೂ ಗಂಡನ ಮುಖ ನೋಡುತ್ತಲೇ ಇದ್ದಳು.

ಎರ್ರೆಪ್ಪಜ್ಜನಿಗೆ ಸಿಟ್ಟು ಬಂತು. ಪರದೆಯ ಕಡೆ ಗದ್ದ ತೋರಿಸಿ ಗದರಿದ.

“ಲೇ, ನನ್ನ ಮಕ ಏನ್ ನೋಡ್ತಿ? ಆ ಕಡಿ ನೋಡು. ಆಕಿ ಹೇಳಾಕತ್ತಾಳ.”